ಮುಖ್ಯ ಅತಿಥಿಯ ಮೊಣಕಾಲು

ಆ ಶುಕ್ರವಾರ ಲೋಕನಾಥ ಪಟ್ಟ ಪಾಡಿಗೆಲ್ಲ ಮೂಲ ಅವನದೇ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ. ಇಕಾಮಾ, ಅಂದರೆ ಕುವೈತಿನ ವಾಸದ ಪರವಾನಗಿಯ ನವೀಕರಣಕ್ಕೆಂದು ಕಂಪೆನಿಗೆ ಕೊಟ್ಟಿದ್ದ ಆ ಫೋಟೋದಲ್ಲಿ ಅವನು ಇಕಾಮಾ ಫೋಟೋಗಳಲ್ಲಿ ಎಲ್ಲರೂ ಇರುವ ಹಾಗೆಯೇ ಇದ್ದ. ನಿದ್ದೆಗೆಟ್ಟ ಕಣ್ಣು, ಬಿಗಿದ ತುಟಿ, ಹುಟ್ಟಿನಿಂದ ಬಂದ ಕಪ್ಪಿನ ಮೇಲೆ ಸ್ಟುಡಿಯೋದವನ ನೆರಳು ಬೇರೆ. ಅದೇ ಫೋಟೋ ಈಗ ಬಾಗಿಲಿನಷ್ಟು ಎತ್ತರಕ್ಕೆ ಬೆಳೆದು ಒಂದು ಬ್ಯಾನರಿನ ಎಡಭಾಗ ತುಂಬಿಕೊಂಡು, ಅಬು ಹಲೀಫಾದ ಅವನ ಫ್ಲ್ಯಾಟಿನ ನಡುಮನೆಯಲ್ಲಿ ಹಾಸಿ ಬಿದ್ದಿತ್ತು. ಕೆಳಗೆ 'ಮೊದಲು' ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಬಲಭಾಗದಲ್ಲಿ 'ನಂತರ' ಎಂಬ ಮಾತಿನ ಮೇಲೆ, ಹಾಲಿನಲ್ಲಿ ಅದ್ದಿ ತೆಗೆದಂಥ ಯಾರೋ ಯುವಕ ಹಲ್ಲು ಬಿಡುತ್ತಿದ್ದ. ನೆತ್ತಿಯಲ್ಲಿ ದಪ್ಪ ಅಕ್ಷರ: 'ಬೆಳದಿಂಗಳು ಫೇರ್‌ನೆಸ್ ಕ್ರೀಮ್, ಕರಾವಳಿ ಬಳಗದ ಕ್ರೀಡಾಕೂಟದ ಪ್ರಾಯೋಜಕರು.'

ಉಮಾವತಿ ಚಹಾದ ಲೋಟ ಹಿಡಿದುಕೊಂಡು ಗಂಡನ ಹಿಗ್ಗಿದ ಮುಖದ ಸುತ್ತ ಒಂದು ಪ್ರದಕ್ಷಿಣೆ ಬಂದಳು.

"ಈ ಕ್ರೀಮ್ ಹಚ್ಚಿದ್ರೆ ಬಣ್ಣ ಮಾತ್ರ ಅಲ್ಲ, ಮೂಗು ಸಹ ಬದಲಾಗ್ತದಾ?"

"ಸುಕೇಶ್ ಸರ್ ಕೇಳಿದ್ರು. ಆಗುದಿಲ್ಲ ಅಂತ ಹೇಳ್ಲಿಕ್ಕಾಗ್ತದಾ?"

ಆಗುತ್ತಿರಲಿಲ್ಲ. ಸುಕೇಶ್ ಅವನ ಕಂಪೆನಿಯ ಮ್ಯಾನೇಜರ್, ಬೆಳದಿಂಗಳು ಕ್ರೀಮನ್ನು ಕುವೈತಿಗೆ ತರಿಸಿ ಮಾರುವವರು. ಊರಿನಲ್ಲಿ ತಂಗಿ ಬಬಿತಾಳ ಮದುವೆ ಮುಂದಿನ ತಿಂಗಳು. ತಂದೆ ಇಲ್ಲ, ಸೋದರಮಾವನೂ ಇಲ್ಲ. ಧಾರೆ ಎರೆಯಬೇಕಾದವನು ಲೋಕನಾಥನೇ. ಎರಡು ವರ್ಷದಿಂದ ರಜೆ ಕೇಳಿದಾಗಲೆಲ್ಲ "ನೋಡುವ" ಎನ್ನುತ್ತಿದ್ದ ಸುಕೇಶ್, ಈ ಸಲ ಮಾತ್ರ ಕ್ರೀಡಾಕೂಟ ಸುಸೂತ್ರವಾಗಿ ಮುಗಿದರೆ ರಜೆ ಖಂಡಿತ ಎಂದಿದ್ದರು. ಬಳಗದ ಕ್ರೀಡಾ ಕಾರ್ಯದರ್ಶಿಯೂ ಲೋಕನಾಥನೇ ಆದ್ದರಿಂದ ಅವನ ರಜೆ ಅವನ ಕೈಯಲ್ಲೇ ಇದ್ದಂತಾಯಿತು. ಮುಖ ಹೋದರೆ ಹೋಗಲಿ, ಧಾರೆಯ ತಂಬಿಗೆ ಹಿಡಿಯಲು ಕೈ ಊರು ಸೇರಿದರೆ ಸಾಕು ಎಂದುಕೊಂಡು ಅವನು ಬ್ಯಾನರ್ ಸುತ್ತಿದ.

ಅಷ್ಟರಲ್ಲಿ ಬಳಗದ ಅಧ್ಯಕ್ಷ ಮೈಕಲ್ ಅವರ ಫೋನು ಬಂತು. ಮೈಕಲ್ ಆಸ್ಪತ್ರೆಯ ಆಫೀಸಿನಲ್ಲಿದ್ದವರು, ಯಾವ ಸುದ್ದಿಯನ್ನೂ ಕಾಯಿಲೆಯ ಹಾಗೆ ಹೇಳುವ ಅಭ್ಯಾಸ.

"ಲೋಕನಾಥ್, ನೀವು ಗಾಬರಿ ಆಗ್ಬಾರ್ದು. ನಮ್ಮ ಮುಖ್ಯ ಅತಿಥಿಯ ವಿಷಯ ನಾನು ನೆಟ್ಟಲ್ಲಿ ನೋಡಿದೆ. ಅವರಿಗೆ ಮೊಣಕಾಲೂರುವ ಅಭ್ಯಾಸ ಉಂಟು ಮಾರಾಯ್ರೆ."

ಮುಖ್ಯ ಅತಿಥಿ ಡೇರಿಯಸ್ ಎಂಬ ಕರಿಯ ಅಮೆರಿಕನ್ ಬಾಸ್ಕೆಟ್‌ಬಾಲ್ ಆಟಗಾರ. ಇಲ್ಲಿನ ಕ್ಲಬ್ಬೊಂದಕ್ಕೆ ಆಡುತ್ತಿದ್ದ. ಸುಕೇಶ್ ಅವರ ಮಗಳು ದೀಕ್ಷಿತಾ ಅವನ ತರಬೇತಿಗೆ ಹೋಗುತ್ತಿದ್ದಳು, ಅವನನ್ನೇ ಕರೆಯಬೇಕೆಂದು ಅಪ್ಪನಲ್ಲಿ ಹಟ ಹಿಡಿದವಳೂ ಅವಳೇ. ಡೇರಿಯಸ್‌ನ ಊರಿನಲ್ಲಿ ಪೊಲೀಸರು ಅವನ ಜನರ ಮೇಲೆ ಕೈ ಮಾಡಿದಾಗ, ಪಂದ್ಯಕ್ಕೆ ಮೊದಲು ರಾಷ್ಟ್ರಗೀತೆಯ ಹೊತ್ತಿಗೆ ಒಂದು ಮೊಣಕಾಲೂರಿ ಪ್ರತಿಭಟಿಸಿದ್ದನಂತೆ. ಅದಕ್ಕೆ ತಂಡ ಕಳೆದುಕೊಂಡ. ಆದರೂ ಬಿಡದೆ ತನ್ನ ಬೀದಿಯ ಮಕ್ಕಳಿಗೆ ಆಟದ ಅಂಗಳ ಕಟ್ಟಿಸಿದ, ಅನ್ಯಾಯ ಕಂಡಲ್ಲೆಲ್ಲ ಮಾತಾಡಿದ.

"ದೊಡ್ಡ ಮನುಷ್ಯ," ಎಂದ ಲೋಕನಾಥ.

"ದೊಡ್ಡವರೇ. ಆದ್ರೆ ಇವತ್ತು ಮೊದಲು ಕುವೈತಿನ ರಾಷ್ಟ್ರಗೀತೆ, ಆಮೇಲೆ ನಮ್ಮದು. ಅಲ್ಲಿ ಅವರು ಮೊಣಕಾಲೂರಿದ್ರೆ ಬಳಗ ಖಲಾಸ್. ನೀವು, ನಾನು, ಎಲ್ಲ ಒಂದೇ ವಿಮಾನದಲ್ಲಿ ಊರಿಗೆ."

ಊರಿಗೆ ಹೋಗಬೇಕೆಂದು ಲೋಕನಾಥನಿಗೆ ಆಸೆಯಿತ್ತು ನಿಜ, ಆ ರೀತಿಯಲ್ಲಿ ಅಲ್ಲ. ಹಿಂದೆಯೇ ಸುಕೇಶ್ ಫೋನು ಮಾಡಿದರು. ಪ್ರೀತಿಯಿದ್ದಾಗ 'ಲೋಕು' ಎನ್ನುವ ಅವರು ಈಗ "ಮಿಸ್ಟರ್ ಲೋಕನಾಥ" ಎಂದೇ ಶುರು ಮಾಡಿದರು. ಅತಿಥಿಯ ಮೊಣಕಾಲಿನ ಜವಾಬ್ದಾರಿ ನಿಮ್ಮದು, ಅದು ನೆಲ ಮುಟ್ಟಿದರೆ ರಜೆಯ ಮಾತೆತ್ತಬೇಡಿ ಎಂದು ಫೋನು ಇಟ್ಟರು.

ಆಮೇಲೆ ಸಲಹೆಗಳ ಸರದಿ. ಮೈಕಲ್ ಅವರ ಹೆಂಡತಿ ಕ್ಲಾರಾ ಕಾರ್ಯಕ್ರಮದ ನಿರೂಪಕಿ. "ರಾಷ್ಟ್ರಗೀತೆಗೆ ಮೊದಲೇ ಸನ್ಮಾನ ಮಾಡಿ ಬಿಡುವ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಎಲ್ಲ ಅವರ ಮೇಲೆ ಹೇರುವ. ಅಷ್ಟು ಭಾರದಲ್ಲಿ ಯಾರಿಗೆ ಬಗ್ಗಲಿಕ್ಕಾಗ್ತದೆ?" ಎಂದರು. ಚಹಾ ಒದಗಿಸುವ ಹೋಟೆಲಿನ ಮೊಯ್ದೀನ್ ಕುಂಞಿ, ಕೈಯಲ್ಲಿ ತುಂಬಿದ ಬಿಸಿ ಸುಲೈಮಾನಿ ಚಹಾ ಕೊಟ್ಟರೆ ಮನುಷ್ಯ ಅಲ್ಲಾಡುವುದಿಲ್ಲ ಎಂದರು. ಕೊನೆಗೆ ಕ್ಲಾರಾ ಅವರ ಬುಟ್ಟಿಯೇ ಗೆದ್ದಿತು.

ಬ್ನೇದ್ ಅಲ್ ಗಾರ್‌ನಲ್ಲಿ ಡೇರಿಯಸ್‌ನನ್ನು ಅವನ ಮನೆಯೆದುರು ಕಾರಿಗೆ ಹತ್ತಿಸಿಕೊಂಡಾಗ ಲೋಕನಾಥನಿಗೆ ಇನ್ನೊಂದು ಸಂಕಟ ತಿಳಿಯಿತು. ಅವನ ಚಿಕ್ಕ ಕಾರಿನೊಳಗೆ ಆ ಮನುಷ್ಯ ಮಡಚಿದ ಏಣಿಯಂತೆ ಕೂತಿದ್ದ, ಎರಡು ಮೊಣಕಾಲುಗಳೂ ಸ್ಟೀರಿಂಗಿನ ಪಕ್ಕಕ್ಕೇ ಬಂದಿದ್ದವು. ಕಾರ್ಯಕ್ರಮವಿದ್ದ ಖೈತಾನ್ ತಲುಪುವವರೆಗೂ ಲೋಕನಾಥ ರಸ್ತೆಗಿಂತ ಅವುಗಳನ್ನೇ ಹೆಚ್ಚು ನೋಡಿದ.

"ನನ್ನ ಮೊಣಕಾಲಿಗೆ ಏನಾದರೂ ಆಗಿದೆಯಾ?" ಡೇರಿಯಸ್ ಇಂಗ್ಲಿಷಿನಲ್ಲಿ ಕೇಳಿದ.

"ಇಲ್ಲ ಸರ್. ತುಂಬ ಒಳ್ಳೆಯ ಮೊಣಕಾಲು. ಹೀಗೇ ಇರಲಿ," ಎಂದ ಲೋಕನಾಥ, ತನಗೆ ಬಂದ ಇಂಗ್ಲಿಷಿನಲ್ಲಿ.

ಕ್ರೀಡಾಕೂಟದ ಉದ್ಘಾಟನೆಗೆ ಖೈತಾನಿನ ಬಾಡಿಗೆ ಸಭಾಂಗಣ ತುಂಬಿತ್ತು. ಲೋಕನಾಥ ಮೊದಲು ಮಾಡಿದ ಕೆಲಸವೆಂದರೆ ಬ್ಯಾನರನ್ನು ಸ್ಪೀಕರ್ ಪೆಟ್ಟಿಗೆಗಳ ಹಿಂದೆ ತುರುಕಿದ್ದು. ಬಣ್ಣದ ಹೆಸರಿನಲ್ಲಿ ಆಗುವ ಅವಮಾನದ ವಿರುದ್ಧ ಹೋರಾಡುವವನ ಎದುರಿಗೆ ಆ 'ಮೊದಲು' ಬರುವುದು ಬೇಡ ಎಂದು ಅವನಿಗೂ ಅನಿಸಿತ್ತು. ಸನ್ಮಾನ ಶುರುವಾಯಿತು. ಪೇಟ ಡೇರಿಯಸ್‌ನ ತಲೆಯ ತುದಿಯಲ್ಲಿ ಹಕ್ಕಿಗೂಡಿನಂತೆ ಕೂತಿತು. ಹಾರ ಹಾಕಲು ಮೈಕಲ್ ಕುರ್ಚಿ ಹತ್ತಬೇಕಾಯಿತು. ಬುಟ್ಟಿಗೆ ಕೊನೆಯ ಗಳಿಗೆಯಲ್ಲಿ ಕ್ಲಾರಾ ಒಂದು ಕಲ್ಲಂಗಡಿಯನ್ನೂ ಸೇರಿಸಿದರು.

ರಾಷ್ಟ್ರಗೀತೆ ಮೊದಲಾಯಿತು. ಲೋಕನಾಥ ಅತಿಥಿಯ ಪಕ್ಕದಲ್ಲೇ ನಿಂತು, ಮೊಣಕಾಲು ಸ್ವಲ್ಪ ಬಾಗಿದರೂ ಹಿಡಿದು ನೆಟ್ಟಗೆ ಮಾಡಲು ಸಿದ್ಧನಾಗಿದ್ದ. ಡೇರಿಯಸ್ ಕಂಬದ ಹಾಗೆ ನಿಂತ. ಎರಡನೆಯ ಗೀತೆಗೂ ಹಾಗೆಯೇ ನಿಂತ. ಮುಗಿದ ಮೇಲೆ ಬಗ್ಗಿ, "ಹೆದರಿದ್ದೆಯಾ? ನನ್ನ ಮನೆಯ ತಪ್ಪನ್ನು ನನ್ನ ಮನೆಯಲ್ಲಿ ಕೇಳುತ್ತೇನೆ. ಇಲ್ಲಿ ನಾನು ಅತಿಥಿ," ಎಂದ.

ಎಷ್ಟು ಮರ್ಯಾದಸ್ಥ ಎಂದು ಲೋಕನಾಥನಿಗೆ ಕಣ್ಣು ಒದ್ದೆಯಾಯಿತು. ಎದುರಿನ ಸಾಲಿನಿಂದ ಸುಕೇಶ್ ಹೆಬ್ಬೆರಳು ಎತ್ತಿ ತೋರಿಸಿದರು. ಲೋಕನಾಥ ಮನಸ್ಸಿನಲ್ಲೇ ವಿಮಾನ ಹತ್ತಿ, ಬಜ್ಪೆಯಲ್ಲಿ ಇಳಿದು, ಬಬಿತಾಳ ಕೈಮೇಲೆ ಧಾರೆಯ ನೀರು ಬಿಡುತ್ತಿದ್ದ. ಆಗ ಸುಕೇಶ್ ಕೇಳಿದರು: "ನಮ್ಮ ಬ್ಯಾನರ್ ಎಲ್ಲಿ?"

ಕಾಣುತ್ತಿಲ್ಲ ಸರ್ ಎಂದು ಲೋಕನಾಥ ಹೇಳುವುದರೊಳಗೆ, ಉಪಕಾರ ಮಾಡದೆ ಇರಲಾರದ ಮೈಕಲ್ ಅದನ್ನು ಹುಡುಕಿ ತೆಗೆದಾಗಿತ್ತು. ತೆಗೆದವರು ಸುಮ್ಮನಿರಲಿಲ್ಲ. ಮುಖ್ಯ ಅತಿಥಿಯ ಕುರ್ಚಿಯ ಹಿಂದೆಯೇ ಕಟ್ಟಿಸಿ, "ಇಲ್ಲಿ ಆದ್ರೆ ಫೋಟೋದಲ್ಲಿ ಚಂದ ಬರ್ತದೆ," ಎಂದರು. ಯಾರೋ ಕ್ರೀಮಿನ ಜಾಹೀರಾತಿನ ಹಾಡನ್ನೂ ಹಾಕಿದರು. ಸಭೆ ಒಮ್ಮೆ ಬ್ಯಾನರನ್ನೂ ಒಮ್ಮೆ ಲೋಕನಾಥನನ್ನೂ ನೋಡಿ ಗೊಳ್ಳೆಂದು ನಕ್ಕಿತು. ನಗು ಯಾಕೆಂದು ಡೇರಿಯಸ್ ತಿರುಗಿದ.

ಬಹಳ ಹೊತ್ತು ನೋಡಿದ ಮೇಲೆ ಕೇಳಿದ: "ಇದು ನೀನಲ್ಲವಾ?"

"ಫೋಟೋ ಮಾತ್ರ ಸರ್. ಹಳೆಯದು."

"ಆ ಎರಡನೆಯವನು?"

"ಅವನು ಬೇರೆ ಯಾರೋ ಸರ್."

"ಅಂದರೆ ಈ ಕ್ರೀಮ್ ಹಚ್ಚಿಕೊಂಡರೆ ನೀನು ಬೇರೆ ಯಾರೋ ಆಗುತ್ತೀಯಾ?"

"ಹೌದು ಸರ್. ಕುಳಿತುಕೊಳ್ಳಿ ಸರ್," ಎಂದ ಲೋಕನಾಥ.

ಡೇರಿಯಸ್ ಕೂರಲಿಲ್ಲ. ಪೇಟವನ್ನು ಜೋಪಾನವಾಗಿ ತೆಗೆದು ಕುರ್ಚಿಯ ಮೇಲಿಟ್ಟ. ಬುಟ್ಟಿಯನ್ನು ಮೈಕಲ್ ಅವರ ಕೈಗೆ ಕೊಟ್ಟ, ಕಲ್ಲಂಗಡಿಯ ಭಾರಕ್ಕೆ ಅವರು ಕುಸಿದು ಕೂತರು. ಮೈಕಿನ ಮುಂದೆ ನಿಂತು ಹೇಳಿದ: "ನನ್ನ ತಾಯಿಗೂ ಚಿಕ್ಕಂದಿನಲ್ಲಿ ಯಾರೋ ಇಂಥದ್ದೇ ಕ್ರೀಮ್ ಹಚ್ಚಿದ್ದರು. ಮನುಷ್ಯನ ಮುಖ 'ಮೊದಲು' ಅಲ್ಲ. ಈ ಸಹೋದರನಿಗಾಗಿ ನಾನು ಮೊಣಕಾಲೂರುತ್ತೇನೆ."

ಊರಿಯೇ ಬಿಟ್ಟ.

ಲೋಕನಾಥ ಓಡಿಹೋಗಿ ಅವನ ಕಿವಿಯ ಬಳಿ ಬಗ್ಗಿದ. "ಸರ್, ದಮ್ಮಯ್ಯ, ಏಳಿ. ನನಗೆ ನ್ಯಾಯ ಬೇಡ ಸರ್, ರಜೆ ಬೇಕು." ಗಾಬರಿಯಲ್ಲಿ ಇಂಗ್ಲಿಷ್ ಕೈಕೊಟ್ಟು, ಇಷ್ಟೂ ಕನ್ನಡದಲ್ಲೇ ಬಂತು. ಡೇರಿಯಸ್ ಅವನ ಭುಜ ತಟ್ಟಿ, "ಹೆದರಬೇಡ ಸಹೋದರ, ನಾವಿದ್ದೇವೆ," ಎಂದ.

ಯಾವ ಸಭೆಯಾದರೂ ನಿರೂಪಕಿ ಬಾಯಿ ಮುಚ್ಚುವ ಹಾಗಿಲ್ಲ. ಕ್ಲಾರಾ ಮೈಕಿಗೆ ಬಂದು, "ಈಗ ನಮ್ಮ ಮುಖ್ಯ ಅತಿಥಿಗಳಿಂದ ಮೊಣಕಾಲೂರುವ ಕಾರ್ಯಕ್ರಮ," ಎಂದು ಘೋಷಿಸಿದರು. ಅದು ಸಾಕಾಯಿತು. ಮೊದಲು ದೀಕ್ಷಿತಾ ಊರಿದಳು. ಅವಳ ಹಿಂದೆ ಮಕ್ಕಳೆಲ್ಲ. ಇಗರ್ಜಿಯ ಪ್ರಾರ್ಥನೆಯಲ್ಲಿ ರೂಢಿಯಿದ್ದವರು ಸಲೀಸಾಗಿ, ಉಳಿದವರು ಕುರ್ಚಿ ಹಿಡಿದು. ಮಂಡಿನೋವಿನ ಹಿರಿಯರು ಕೂತಲ್ಲೇ ತಲೆ ಬಗ್ಗಿಸಿದರು. ಉಮಾವತಿ ಸೀರೆಯ ನೆರಿಗೆ ಸರಿಮಾಡಿಕೊಂಡು ಊರಿ, ಗಂಡನ ಮುಖವನ್ನೇ ನೋಡಿದಳು.

ಶಾಲೆಯಲ್ಲಿ ಲೋಕನಾಥನನ್ನು ಹೆಸರು ಹಿಡಿದು ಕರೆದವರೇ ಇರಲಿಲ್ಲ, 'ಕಪ್ಪೆ' ಎಂದರೆ ಸಾಕಿತ್ತು. ಈಗ ಅದೇ ಮುಖಕ್ಕಾಗಿ ಇಷ್ಟು ಜನ ನೆಲಕ್ಕೆ ಇಳಿದಿದ್ದರು. ಅವನ ಮೊಣಕಾಲೂ ಬಾಗಬೇಕೆಂದಿತು. ಆದರೆ ಸಭೆಯಲ್ಲಿ ನಿಂತಿದ್ದವರು ಇನ್ನು ಇಬ್ಬರೇ, ಒಬ್ಬರು ಸುಕೇಶ್. ಅವರ ಕಣ್ಣು ನೇರ ಇವನ ಮೇಲಿತ್ತು. ಹಾಗಾಗಿ ಸಭೆಯೆಲ್ಲ ಲೋಕನಾಥನಿಗಾಗಿ ಮೊಣಕಾಲೂರಿದಾಗ ಲೋಕನಾಥನೊಬ್ಬ ಮ್ಯಾನೇಜರ್ ಪರವಾಗಿ ನಿಂತುಕೊಂಡಿದ್ದ.

ದೀಕ್ಷಿತಾ ಅಪ್ಪನ ಪ್ಯಾಂಟು ಎಳೆದಳು. "ಡ್ಯಾಡ್, ಎವ್ರಿಬಡಿ ಈಸ್ ವಾಚಿಂಗ್. ಐ ಆಮ್ ಲೈವ್." ಅವಳ ಕೈಯಲ್ಲಿ ಮೊಬೈಲು ಇತ್ತು.

ಸುಕೇಶ್ ವ್ಯಾಪಾರಿ. ಗಾಳಿ ಬಂದ ಕಡೆ ತೂರಿಕೊಳ್ಳಲು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗಡಿಬಿಡಿಯಿಂದ ವೇದಿಕೆ ಹತ್ತಿ, ತಮ್ಮ ಕೈಯಾರೆ ಬ್ಯಾನರ್ ಕಿತ್ತು, ಇನ್ನು ಮುಂದೆ ತಮ್ಮ ಕ್ರೀಮಿನಲ್ಲಿ 'ಫೇರ್‌ನೆಸ್' ಎಂಬ ಮಾತು ಇರುವುದಿಲ್ಲ, ಅದು 'ಬೆಳದಿಂಗಳು ಗ್ಲೋ ಕ್ರೀಮ್', ಅದರ ರಾಯಭಾರಿ ಸ್ವತಃ ಲೋಕನಾಥ ಎಂದು ಘೋಷಿಸಿದರು. ಚಪ್ಪಾಳೆಗೆ ಸಭಾಂಗಣ ನಡುಗಿತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಸುಕೇಶ್ ಅವನ ಹೆಗಲಿಗೆ ಕೈ ಹಾಕಿದರು. "ಲೋಕು, ಹೊಸ ಬ್ಯಾನರಲ್ಲಿ ಎಡಗಡೆ ಸಹ ನೀನೇ, ಬಲಗಡೆ ಸಹ ನೀನೇ. ಬಣ್ಣ ಅದೇ. ಬಲಗಡೆ ಸ್ವಲ್ಪ ನಗಾಡಿದ್ರೆ ಆಯ್ತು. ಮುಂದಿನ ತಿಂಗಳು ಪೂರ್ತಿ ನಿನ್ನನ್ನು ಅಂಗಡಿ ಅಂಗಡಿಗೆ ಕರ್ಕೊಂಡು ಹೋಗ್ಲಿಕ್ಕುಂಟು."

"ಸರ್, ಮುಂದಿನ ತಿಂಗಳು ನನ್ನ ರಜೆ."

"ಕಂಪೆನಿಯ ಮುಖವೇ ರಜೆಯಲ್ಲಿ ಹೋದ್ರೆ ಹೇಗೆ ಮಾರಾಯ?"

ಅಲ್ಲಿಯವರೆಗೆ ತಡೆದುಕೊಂಡಿದ್ದ ಲೋಕನಾಥನ ಮೊಣಕಾಲು ಆಗ ತಾನಾಗಿ ಕುಸಿಯಿತು. ಸುಕೇಶ್ ಅವರ ಕೈ ಹಿಡಿದುಕೊಂಡು, "ಸರ್, ಧಾರೆ ಎರೆಯುವವ ನಾನೊಬ್ಬನೇ. ಅಪ್ಪ ಇದ್ದಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ," ಎಂದ. ಮಾತು ಮುಗಿಯುವಾಗ ಅಳುತ್ತಿದ್ದ.

ಸುಕೇಶ್ ಕೂಡ ಒಂದು ಕಾಲದಲ್ಲಿ ಅಕ್ಕನ ಮದುವೆಗೆ ಹೋಗಲಾಗದೆ ಉಳಿದವರು. ಅವರ ಮುಖ ಮೆತ್ತಗಾಯಿತು. "ಆಯ್ತು, ಅಳ್ಬೇಡ ಲೋಕು. ಏಳು. ನಿನ್ನ ರಜೆ..."

ಬಾಗಿಲು ತೆರೆಯಿತು. ಹೊರಡುವ ಮೊದಲು ಹೇಳಿ ಹೋಗಲು ಬಂದ ಡೇರಿಯಸ್ ಕಂಡದ್ದು, ತಾನು ಈಗಷ್ಟೇ ವಿಮೋಚನೆ ಮಾಡಿದ ಮನುಷ್ಯ ಧಣಿಯ ಎದುರು ಮೊಣಕಾಲೂರಿ ಅಳುತ್ತಿರುವುದನ್ನು. ಅವನ ಹಿಂದೆ ಮೊಬೈಲು ಹಿಡಿದ ದೀಕ್ಷಿತಾ. ಡೇರಿಯಸ್ ಎರಡೇ ಹೆಜ್ಜೆಗೆ ಬಂದು ಲೋಕನಾಥನನ್ನು ಕಂಕುಳಲ್ಲಿ ಹಿಡಿದು ಮಗುವಿನಂತೆ ಎತ್ತಿ ನಿಲ್ಲಿಸಿದ.

"ಇವತ್ತಿನಿಂದ ನೀನು ಯಾರ ಮುಂದೆಯೂ ಹೀಗೆ ಮಾಡಬಾರದು. ಇವರು ನಿನ್ನನ್ನು ಏನು ಮಾಡಿದರು?"

"ಏನೂ ಇಲ್ಲ, ಏನೂ ಇಲ್ಲ," ಸುಕೇಶ್ ಬೆವರುತ್ತ ಮೊಬೈಲಿನ ಕಡೆಗೇ ಹೇಳಿದರು. "ಇವರು ನಮ್ಮ ಹೆಮ್ಮೆ. ಕೆಲಸದಿಂದ ತೆಗೆಯುವ ಮಾತೇ ಇಲ್ಲ. ಇವರನ್ನು ನಾವು ಒಂದು ದಿನ ಸಹ ಬಿಟ್ಟಿರುವುದಿಲ್ಲ."

"ಅದು ಮಾತು," ಎಂದು ಡೇರಿಯಸ್ ಇಬ್ಬರ ಕೈಯನ್ನೂ ಕುಲುಕಿದ. ಮೊಬೈಲು ಎಲ್ಲವನ್ನೂ ನುಂಗಿಕೊಂಡಿತು. ಲೈವ್ ನೋಡುತ್ತಿದ್ದ ಅಷ್ಟು ಜನರ ಎದುರು ಆಡಿದ ಮಾತನ್ನು ಸುಕೇಶ್ ಇನ್ನು ಹಿಂದೆಗೆಯುವ ಹಾಗಿರಲಿಲ್ಲ, ಬಾಯಿಗೆ ಬಂದಿದ್ದ ರಜೆ ಬಾಯಲ್ಲೇ ಉಳಿಯಿತು.

ಸಂಜೆ ಬ್ನೇದ್ ಅಲ್ ಗಾರ್‌ಗೆ ವಾಪಸು ಬಿಡುವಾಗ ಡೇರಿಯಸ್ ಬಹಳ ಖುಷಿಯಲ್ಲಿದ್ದ. ಲೋಕನಾಥ ಧೈರ್ಯ ಕೂಡಿಸಿಕೊಂಡು, ಈ ಸಲ ಇಂಗ್ಲಿಷಿನಲ್ಲೇ, "ಸರ್, ನಾಳೆ ನಮ್ಮ ಆಫೀಸಿಗೆ ಬಂದು ಇನ್ನೊಂದು ಸಲ ಮೊಣಕಾಲೂರಬಹುದಾ?" ಎಂದು ಕೇಳಿದ.

"ಆಗುವುದಿಲ್ಲವಲ್ಲ. ನಾಳೆ ಬೆಳಿಗ್ಗೆ ಊರಿಗೆ ಹೊರಟಿದ್ದೇನೆ, ತಂಗಿಯ ಮದುವೆ," ಎಂದ ಡೇರಿಯಸ್. "ಪಂದ್ಯಗಳ ಋತುವಿನ ನಡುವೆ ರಜೆ ಕೊಡುತ್ತಾರೋ ಇಲ್ಲವೋ ಎಂದು ಹೆದರಿದ್ದೆ. ಕೇಳಿದ ಕೂಡಲೇ ಕೊಟ್ಟರು. ನೋಡು ಸಹೋದರ, ಸುಮ್ಮನೆ ಒಮ್ಮೆ ಕೇಳಬೇಕು ಅಷ್ಟೆ."

ಮಡಚಿದ ಏಣಿ ಬಿಚ್ಚಿಕೊಂಡು ಇಳಿದುಹೋಯಿತು. ಕ್ಲಾರಾ ಅವರ ವ್ಯಾನಿನಲ್ಲಿ ಮುಂಚೆಯೇ ಮನೆ ಸೇರಿದ್ದ ಉಮಾವತಿಯ ಫೋನು ಬಂತು.

"ಇಲ್ಲಿ ಬಿಲ್ಡಿಂಗಿನವರೆಲ್ಲ ನಿಮ್ಮ ವೀಡಿಯೋ ನೋಡ್ತಾ ಇದ್ದಾರೆ. ಬಬಿತಾ ಸಹ ಊರಿಂದ ನೋಡಿದ್ಳಂತೆ, ಅಣ್ಣ ಯಾವಾಗ ಬರುದು ಅಂತ ಕೇಳಿದ್ಳು. ರಜೆ ಎಂತ ಆಯ್ತು?"

ಹಿಂದಿನ ಸೀಟಿನಲ್ಲಿ ಸುತ್ತಿಟ್ಟ ಬ್ಯಾನರ್ ಕಡೆ ಲೋಕನಾಥ ಒಮ್ಮೆ ತಿರುಗಿ ನೋಡಿದ.

"ಮೊದಲು ಇರ್ಲಿಲ್ಲ," ಎಂದ. "ನಂತರವೂ ಇಲ್ಲ."