ಅತ್ತಿ ಕಟ್ಟಿದ ತರ್ಜುಮೆ ಯಂತ್ರ

ನಮ್ಮತ್ತಿಗೆ, ಅಂದರೆ ನಮ್ಮಪ್ಪನ ತಂಗಿಗೆ, ಇನ್ನೊಬ್ಬರು ಮಾಡಿಟ್ಟ ಯಾವ ವಸ್ತುವಿನ ಮೇಲೂ ನಂಬಿಕೆ ಇರಲಿಲ್ಲ. ಅಂಗಡಿಯ ಖಾರಪುಡಿ ಮುಟ್ಟುತ್ತಿರಲಿಲ್ಲ, ದೇವರ ದೀಪದ ಬತ್ತಿಗೂ ಹತ್ತಿ ಬಿಡಿಸಿ ತಾನೇ ಹೊಸೆಯಬೇಕು. ಡಾಕ್ಟರು ಕೊಟ್ಟ ಗುಳಿಗೆಯನ್ನು ಸಹ ಮುರಿದು, "ಒಳಗ ಏನದ ನೋಡಬೇಕಲ" ಎಂದು ಮೂಸಿ ನೋಡಿಯೇ ನುಂಗುವವಳು. ಇಂಥ ಅತ್ತಿ ಯಾರ ಮನೆಯಲ್ಲಿಲ್ಲ ಹೇಳಿ? ಆದರೆ ನಮ್ಮತ್ತಿ ಈ ನಿಯಮವನ್ನು ಕಂಪ್ಯೂಟರಿಗೂ ಹಚ್ಚಿದಳು. ಅಲ್ಲಿಂದಲೇ ನಮ್ಮ ಕಷ್ಟ ಶುರುವಾದದ್ದು.

ಆಕೆ ದೇವದುರ್ಗದಲ್ಲಿ ಗಣಿತದ ಟೀಚರಾಗಿದ್ದಳು. ಮದುವೆ ಆಗಲಿಲ್ಲ. ಹುಡುಗನನ್ನೂ ಬಿಚ್ಚಿ ನೋಡಬೇಕಂದಿರಬೇಕು ಎಂದು ನಮ್ಮಪ್ಪ ನಗುತ್ತಿದ್ದ. ಶಾಲೆಗೆ ಮೊದಲ ಕಂಪ್ಯೂಟರು ಬಂದಾಗ ಹೆಡ್ ಮಾಸ್ತರರು ಅದಕ್ಕೆ ಹೂವು ಏರಿಸಿ, ಬಟ್ಟೆ ಹೊದಿಸಿ, ಕೋಣೆಗೆ ಕೀಲಿ ಹಾಕಿಬಿಟ್ಟರು. ಅತ್ತಿ ಆ ಕೀಲಿ ಇಸಿದುಕೊಂಡು, ಜತೆಗೆ ಬಂದಿದ್ದ ಪುಸ್ತಕ ಓದಿಕೊಂಡು, ಸಣ್ಣ ಮಕ್ಕಳಿಗೆ ಕೂಡಿಸುವ ಕಳೆಯುವ ಲೆಕ್ಕ ಕಲಿಸುವ ಒಂದು ಪ್ರೋಗ್ರಾಮು ಬರೆದಳು. ಕಂಪ್ಯೂಟರು ಲೆಕ್ಕ ಕೇಳಬೇಕು, ಮಕ್ಕಳು ಉತ್ತರ ಒತ್ತಬೇಕು. ಮುಂದೆ ಆ ಕಂಪ್ಯೂಟರು ಗುಜರಿಗೆ ಹೋಗುವ ಮೊದಲು, ಆ ಪ್ರೋಗ್ರಾಮನ್ನು ಪೂರ್ತಿ ಕೈಬರಹದಲ್ಲಿ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಕಂಪ್ಯೂಟರಿನಿಂದ ಕಾಗದಕ್ಕೆ ಕೈಯಿಂದ ನಕಲು ಮಾಡಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ.

ನಿವೃತ್ತಿಯಾದ ಮೇಲೆ ಆ ಪ್ರೋಗ್ರಾಮನ್ನು ಮತ್ತೆ ಓಡಿಸಬೇಕೆಂದು ಹಟ ಹಿಡಿದಳು. ಆದರೆ ಅದನ್ನು ಬರೆದಿದ್ದ ಭಾಷೆಯೇ ಈಗ ಯಾವ ಕಂಪ್ಯೂಟರಿಗೂ ತಿಳಿಯುವುದಿಲ್ಲ. ಹಳೆ ಭಾಷೆಯ ಪ್ರೋಗ್ರಾಮನ್ನು ಹೊಸ ಭಾಷೆಗೆ ತಾನಾಗಿ ತರ್ಜುಮೆ ಮಾಡುವ ಒಂದು ಸಾಫ್ಟ್‌ವೇರು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಎರಡು ಸಲ ಮೌಸು ಒತ್ತಿದರೆ ಮುಗಿಯಿತು. ಅತ್ತಿ ಒತ್ತಲಿಲ್ಲ. ಅದರ ಮೂಲವನ್ನು, ಅಂದರೆ ಸಾವಿರಾರು ಸಾಲಿನ ಸೋರ್ಸ್ ಕೋಡನ್ನು ತರಿಸಿಕೊಂಡು, ಆ ಸಾಲುಗಳಿಂದ ಓಡುವ ಯಂತ್ರವನ್ನು ತನ್ನ ಕಂಪ್ಯೂಟರಿನಲ್ಲಿ ತಾನೇ ಕಟ್ಟುತ್ತೇನೆಂದು ಕೂತಳು.

"ಅತ್ತಿ, ರೆಡಿಮೇಡ್ ಸಿಗತದಲ್ಲ, ಯಾಕ ಒದ್ದಾಡ್ತಿ?" ಎಂದೆ.

"ಯಾರ ಒಲಿಮ್ಯಾಲೆ ಬೆಂದದ್ದು ಅಂತ ತಿಳೀಲಾರದ್ದು ನಾ ಉಣ್ಣಂಗಿಲ್ಲಪಾ. ಜ್ವಾಳ ನಾ ಹಸನ ಮಾಡಬೇಕು, ನಾ ಬೀಸಬೇಕು, ನಾ ಬಡಿಬೇಕು. ಅದು ರೊಟ್ಟಿ."

ಇದನ್ನು ಆಕೆ ಅಕ್ಷರಶಃ ಪಾಲಿಸಿದಳು. ಮುಂಜಾನೆ ಸ್ನಾನ ಮುಗಿಸಿ ಕಂಪ್ಯೂಟರಿಗೆ ಕಟ್ಟುವ ಹುಕುಂ ಕೊಟ್ಟು, ಅದರ ಮುಂದೆಯೇ ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಪರದೆಯ ಮೇಲೆ ಸಾಲುಗಳು ಇರುವೆಯಂತೆ ಹರಿಯುತ್ತಿದ್ದವು. ದೇವದುರ್ಗದ ಬಿಸಿಲಿಗೆ ಕಂಪ್ಯೂಟರು ಹಂಚಿನಂತೆ ಕಾಯುತ್ತದೆಂದು ಮನೆಯ ಒಂದೇ ಕೂಲರನ್ನು ಅದರ ಕಡೆ ತಿರುಗಿಸಿ, ತಾನು ಬೀಸಣಿಗೆ ಹಿಡಿಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅದು ನಿಂತುಬಿಡುತ್ತಿತ್ತು. ಮೆಮರಿ ಸಾಲದು ಎಂಬ ಒಂದೇ ಸಾಲು.

"ನನ್ನಂಗ ಇದಕ್ಕೂ ನೆನಪು ಸಾಲವಲ್ದು," ಎಂದು ಅತ್ತಿ ಅದರ ನೆತ್ತಿ ಸವರಿ, ಬೇರೆ ಕಂಪ್ಯೂಟರು ಹುಡುಕಲು ಹೊರಟಳು.

ಮೊದಲು ಸಿಕ್ಕಿದ್ದು ಮಾನ್ವಿಯ ಒಂದು ರೈಸ್ ಮಿಲ್ಲು. ಮಾಲೀಕರು ಆಕೆಯ ಹಳೆಯ ವಿದ್ಯಾರ್ಥಿ, ಹಣೆ ತುಂಬ ವಿಭೂತಿ ಹಚ್ಚುವ ಭಕ್ತರು. ಮಿಲ್ಲಿಗೆ ರಜೆ ಇದ್ದ ಸೋಮವಾರ ಆಫೀಸಿನ ಕಂಪ್ಯೂಟರು ಬಿಟ್ಟುಕೊಟ್ಟರು. ಕರೆದುಕೊಂಡು ಹೋದವನು ನಾನೇ. ಸಾಲುಗಳು ಓಡತೊಡಗಿದ್ದೇ ತಡ, ಹೊರಗೆ ಕೂತಿದ್ದ ಹಮಾಲರು ಒಬ್ಬೊಬ್ಬರೇ ಬಂದು ಬಾಗಿಲಲ್ಲಿ ನಿಂತರು.

"ಯವ್ವಾ, ಇದು ಏನು ಓಡಾಕತ್ತದ?" ಎಂದ ಒಬ್ಬ ಹಿರಿಯ.

"ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಂಗ ಬದಲಿ ಮಾಡೋ ಯಂತ್ರಪಾ. ಅದನ್ನ ಕಟ್ಟಾಕತ್ತೀನಿ."

"ಹಂಗಾರ ಇದನ್ನ ಇಲ್ಲೇ ಬಿಟ್ಟು ಹೋಗ್ರಿ. ನಮ್ಮ ಸಾವಕಾರ್ರು ಸಿಟ್ಟಿಗೆದ್ದಾಗ ಏನಂತಾರ ಅಂತ ನಮಗ ಒಂದೂ ತಿಳಿವಲ್ದು."

ಅಷ್ಟರಲ್ಲಿ ಕೆಲಸ ನಿಂತಿತು. ಅತ್ತಿ ಕನ್ನಡಕ ಏರಿಸಿ ಹುಡುಕಿದಳು. ಮಾಲೀಕರು ಕಂಪ್ಯೂಟರಿನಲ್ಲಿ ತಮ್ಮ ಖಾತೆಗೆ ಶಿವನ ಮಂತ್ರವನ್ನೇ ಹೆಸರಾಗಿ ಇಟ್ಟಿದ್ದರು. ಮೂರು ಪದ, ನಡುವೆ ಎರಡು ಖಾಲಿ ಜಾಗ. ಹೆಸರಿನಲ್ಲಿ ಖಾಲಿ ಜಾಗ ಬಂದರೆ ಈ ಕಟ್ಟುವ ಕೆಲಸಕ್ಕೆ ದಾರಿ ತಪ್ಪುತ್ತದಂತೆ.

"ಹೆಸರು ಬದಲಿ ಮಾಡಬೇಕಾಗ್ತದ," ಎಂದಳು ಅತ್ತಿ.

"ಶಿವನ ಹೆಸರು ತಗಿಯಾಕ ಬರಂಗಿಲ್ರಿ ಟೀಚರ್."

"ಹೆಸರು ಇರ್ಲಿ, ನಡುವಿನ ಖಾಲಿ ಜಾಗ ಅಷ್ಟ ತಗೀರಿ."

ಮಾಲೀಕರು ಕೈ ಮುಗಿದರು. "ಶಿವ ಇರೋದೇ ಆ ಖಾಲಿ ಜಾಗದಾಗ್ರಿ, ಟೀಚರ್. ಬಯಲು ಅಂದ್ರ ಅದೇ ಅಲ್ಲೇನ್ರಿ?"

ಅತ್ತಿ ಎಲ್ಲ ತುಂಬಿಟ್ಟಿದ್ದ ತನ್ನ ಪೆನ್‌ಡ್ರೈವು ಕಿತ್ತುಕೊಂಡು ಎದ್ದು ಬಂದಳು. ಬಸ್ಸಿನಲ್ಲಿ ಕೂತ ಮೇಲೆ, "ಲೆಕ್ಕದಾಗ ಹಿಂದಿದ್ದ, ಮಾತಿನ್ಯಾಗ ಮುಂದಾಗ್ಯಾನ" ಎಂದಳು. ಹೆಮ್ಮೆಯಿಂದಲೇ ಅಂದಳು.

ಉಳಿದದ್ದು ರಾಯಚೂರಿನ ನನ್ನ ಅಂಗಡಿ. ನನ್ನದು ಝೆರಾಕ್ಸು, ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ. ಎರಡೇ ಕಂಪ್ಯೂಟರು, ಎರಡೂ ಹೊಸವು. ಅತ್ತಿ ಮೊದಲ ಬಸ್ಸಿಗೆ ಬಂದು, ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೌಂಟರಿನ ಮೇಲಿಟ್ಟು, ಮೂಲೆಯ ಕಂಪ್ಯೂಟರಿಗೆ ಕೂತಳು. ಅವತ್ತು ಏನೇನೋ ತಪ್ಪು ತೋರಿಸಿತು. ಮಧ್ಯಾಹ್ನ ಅರ್ಜಿಯವರು ಹೆಚ್ಚಾದಾಗ, "ಅತ್ತಿ, ಇವತ್ತಿಗೆ ಸಾಕು" ಎಂದೆ. ತಪ್ಪುಗಳನ್ನು ನೋಟ್‌ಬುಕ್ಕಿಗೆ ಬರೆದುಕೊಂಡು ಹೋದಳು. ಎರಡನೆಯ ಸಲ ಬಂದಾಗಲೂ ಹಾಗೇ ಆಯಿತು. ಅಂಗಡಿಗೆ ಬಂದವರೆಲ್ಲ ಪರದೆ ನೋಡಿ, "ಇದೇನು ಸಿನಿಮಾದಾಗಿನ ಹ್ಯಾಕಿಂಗಾ?" ಎಂದು ಕೇಳುತ್ತಿದ್ದರು. "ನಮ್ಮತ್ತಿ ಚಂದ್ರನಿಗೆ ರಾಕೆಟ್ ಬಿಡಾಕತ್ತಾಳ" ಎಂದು ನಾನು ಹೇಳಿ ನಗಿಸುತ್ತಿದ್ದೆ. ಅತ್ತಿಯೂ ನಗುತ್ತಿದ್ದಳು. ಆಕೆಯ ಕಿವಿ ಚುರುಕು ಎಂಬುದು ನನಗೆ ಗೊತ್ತಿತ್ತು.

ಮೂರನೆಯ ಸಲ ಬಂದಾಗ ಒಂದು ಅರ್ಜಿಗೆ ಕೊನೆಯ ದಿನ. ಜನರ ಸಾಲು ರಸ್ತೆಗೆ ಬಂದಿತ್ತು. ಅತ್ತಿ ಕಟ್ಟಲು ಹಚ್ಚಿ ಅರ್ಧ ತಾಸಾಗಿತ್ತು. "ಈ ಸಲ ಒಂದೂ ತಪ್ಪು ತೋರಿಸವಲ್ದು ನೋಡು" ಎಂದು ಹೇಳಿ, ಚಹಾ ಕುಡಿದು ಬರುತ್ತೇನೆಂದು ಎದುರಿನ ಹೋಟೆಲಿಗೆ ಹೋದಳು. ಜನ ನನ್ನ ತಲೆ ತಿನ್ನುತ್ತಿದ್ದರು. ನಾನು ಆಕೆಯ ಕೆಲಸ ನಿಲ್ಲಿಸಿ, ಆ ಕಂಪ್ಯೂಟರಿನಲ್ಲಿ ಅರ್ಜಿ ತುಂಬತೊಡಗಿದೆ.

ಆಕೆ ಬಂದು ನಿಂತಳು.

"ಕರೆಂಟ್ ಹೋಗಿತ್ತು ಅತ್ತಿ, ಎಲ್ಲಾ ಬಂದ್ ಆತು," ಎಂದೆ.

ಆಕೆ ಎದುರಿನ ಹೋಟೆಲಿನಲ್ಲಿ ತಿರುಗುತ್ತಿದ್ದ ಫ್ಯಾನಿನ ಕೆಳಗೆ ಕೂತು ಚಹಾ ಕುಡಿದು ಬಂದವಳು. ಒಂದು ಗಳಿಗೆ ನನ್ನ ಮುಖ ನೋಡಿದಳು.

"ಹೌದೇನಪಾ," ಎಂದಳು. ಚೀಲ ತೆಗೆದುಕೊಂಡಳು. "ಪುರಸೊತ್ತು ಇದ್ದಾಗ ಹೇಳು, ಬರ್ತೀನಿ."

ನಾನು ಹೇಳಲಿಲ್ಲ. ಈ ಹಬ್ಬ ಮುಗಿಯಲಿ, ಆ ಪರೀಕ್ಷೆ ಮುಗಿಯಲಿ ಎಂದು ತಿಂಗಳುಗಳು ಉರುಳಿದವು. ಫೋನು ಮಾಡಿದಾಗ ಆಕೆಯೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು ಎಂದು ಈಗ ಅನಿಸುತ್ತದೆ.

ಒಂದು ದಿನ ದೇವದುರ್ಗದಿಂದ ಪಕ್ಕದ ಮನೆಯವರ ಫೋನು ಬಂತು. ಅತ್ತಿ ಬಚ್ಚಲಲ್ಲಿ ಬಿದ್ದಿದ್ದಳು. ರಾಯಚೂರಿನ ಆಸ್ಪತ್ರೆಗೆ ತಂದೆವು. ಲಕ್ವ ಎಂದರು. ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ, ಮಾತು ಹೋಯಿತು. ಹೇಳಬೇಕೆಂದದ್ದು ತಲೆಯಲ್ಲಿ ಇರುತ್ತದೆ, ಬಾಯಿಗೆ ಬರುವುದಿಲ್ಲ. ಡಾಕ್ಟರು ನನಗೆ ಹೇಳಿದರು: "ಸಣ್ಣ ಮಕ್ಕಳಿಗೆ ಕಲಿಸಿದಂಗ ಕಲಿಸ್ರಿ. ಅಕ್ಷರ, ಸಣ್ಣ ಸಣ್ಣ ಲೆಕ್ಕ. ನಿಧಾನಕ್ಕ ಬರ್ತದ."

ಆಕೆ ಮನೆಗೆ ಮರಳಿದ ಮೇಲೆ ಆಕೆಯ ಪೆನ್‌ಡ್ರೈವು, ನೋಟ್‌ಬುಕ್ಕು ತೆಗೆದುಕೊಂಡು ಬಂದೆ. ಮೊದಲು ಏನು ಟೈಪ್ ಹೊಡೆಯಬೇಕು, ಆಮೇಲೆ ಏನು, ಎಲ್ಲಿ ನಿಂತರೆ ಏನು ಮಾಡಬೇಕು, ಎಲ್ಲವನ್ನೂ ದುಂಡಾದ ಕನ್ನಡದಲ್ಲಿ ಬರೆದಿಟ್ಟಿದ್ದಳು. ಅದನ್ನು ಓದಿದಾಗಲೇ ನನಗೆ ಇನ್ನೊಂದು ವಿಷಯ ತಿಳಿದದ್ದು. ರೆಡಿಮೇಡ್ ತರ್ಜುಮೆ ಯಂತ್ರಕ್ಕೆ ಆಕೆಯ ಶಾಲೆಯ ಕಂಪ್ಯೂಟರಿನ ಕೆಲವು ಮಾತುಗಳು ಅರ್ಥವಾಗುತ್ತಲೇ ಇರಲಿಲ್ಲ. ಅದಕ್ಕೆ ಮೂಲದಲ್ಲೇ ಎರಡು ಪುಟ ತಾನೇ ಬರೆದು ಸೇರಿಸಿದ್ದಳು. ಬೇರೆ ದಾರಿಯೇ ಇರಲಿಲ್ಲ. ನಾನು ಹುಚ್ಚು ಎಂದುಕೊಂಡಿದ್ದೆ. ಯಾಕೆ ಅತ್ತಿ ಎಂದು ಒಂದು ಸಲವಾದರೂ ಸರಿಯಾಗಿ ಕೇಳಿದ್ದೆನೇ?

ಒಂದು ಭಾನುವಾರ ಮುಂಜಾನೆ ಅಂಗಡಿಯ ಶಟರು ಅರ್ಧ ಎಳೆದುಕೊಂಡು, ಆಕೆ ಬರೆದಂತೆಯೇ ಮಾಡಿದೆ. ಒಂದೂ ತಪ್ಪು ತೋರಿಸಲಿಲ್ಲ. ಮುಗಿದಾಗ ಗಡಿಯಾರ ನೋಡಿದೆ. ನಲವತ್ತು ನಿಮಿಷ. ಅವತ್ತು ನಾನು ಮೂವತ್ತಕ್ಕೆ ನಿಲ್ಲಿಸಿದ್ದೆ.

ಆಕೆಯ ಲೆಕ್ಕದ ಪ್ರೋಗ್ರಾಮನ್ನು ನೋಟ್‌ಬುಕ್ಕಿನಿಂದ ಟೈಪ್ ಮಾಡಿ, ಆ ಯಂತ್ರದಿಂದ ತರ್ಜುಮೆ ಮಾಡಿಸಿ, ಲ್ಯಾಪ್‌ಟಾಪಿಗೆ ಹಾಕಿಕೊಂಡು ದೇವದುರ್ಗಕ್ಕೆ ಹೋದೆ. ಅತ್ತಿ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟೆ. ಪರದೆಯ ಮೇಲೆ ಏಳು ಕೂಡಿಸು ಐದು ಎಂದು ಬಂತು. ತನ್ನದೇ ಲೆಕ್ಕ ಎಂದು ಗುರುತು ಹಿಡಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಎಡಗೈಯ ಬೆರಳು ಬಹಳ ಹೊತ್ತು ಅಲೆದಾಡಿ ಒಂದು ಒತ್ತಿತು. ಮತ್ತೆ ಒಂದು ಒತ್ತಿತು. ಹನ್ನೊಂದು.

ನಾನು ಬೇರೆ ಕಡೆ ನೋಡಿದೆ. ಮತ್ತೆ ತಿರುಗಿದಾಗ ಪರದೆಯ ಮೇಲೆ, ಆ ಕಾಲದ ಇಂಗ್ಲಿಷ್ ಅಕ್ಷರಗಳಲ್ಲಿ, ಕನ್ನಡದ ಒಂದು ಸಾಲು ಬಂದಿತ್ತು. ತಪ್ಪು ಮಾಡುವ ಮಕ್ಕಳಿಗಾಗಿ ಆಕೆ ಯಾವತ್ತೋ ಬರೆದಿಟ್ಟದ್ದು.

"ಇರ್ಲಿ ಕಂದಾ, ಅಂಜಬ್ಯಾಡ. ಇನ್ನೊಮ್ಮಿ ನೋಡು."

ಅತ್ತಿ ಆ ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರಕ್ಕೆ ತುಟಿ ಅಲುಗಿಸುತ್ತ ಓದಿದಳು. ಓದಿ ಮುಗಿಸಿ ನನ್ನ ಕಡೆ ತಿರುಗಿದಳು. ನನ್ನ ಕಣ್ಣು ಆಕೆಗೆ ಕಂಡಿರಬೇಕು. ಸೊಟ್ಟಗಾಗಿದ್ದ ಬಾಯಿ ಎರಡು ಸಲ ತೆರೆದು ಮುಚ್ಚಿತು. ಎಡಗೈ ಬಂದು ನನ್ನ ಕೈಯ ಮೇಲೆ ಕೂತಿತು.

"ಇರ್ಲಿ," ಎಂದಳು.