ಅರ್ಧಾ ನಂಬ್ರಿ

ಎರಡು ಚಕ್ಕುಲಿ, ಅರ್ಧ ಕಪ್ ಚಹಾ. ಹೆಣ್ಣು ನೋಡಿ ಬಂದ ಮೇಲೆ “ಹುಡುಗಿ ಹೆಂಗದಾಳ?” ಎಂದು ಗಂಡಿನ ಕಡೆಯವರು ಕೇಳಿದರೆ ನನ್ನ ಸೋದರತ್ತೆ ಮೊದಲು ಹೇಳುವುದು ಇದನ್ನು!

“ಇಷ್ಟು ತಿಂದೇನ್ರಿ ಅವರ ಮನ್ಯಾಗ. ಹುಡುಗಿ ಚಲೋ ಅದಾಳ. ಆದ್ರ ಉಪ್ಪು ತಿಂದಾಕಿ ನಾ, ಅರ್ಧಾ ನಂಬ್ರಿ.”

ಸವದತ್ತಿಯಲ್ಲಿ ಇಷ್ಟು ಪ್ರಾಮಾಣಿಕಳೂ ಇಷ್ಟು ಅಪಾಯಕಾರಿಯೂ ಆದ ಹೆಂಗಸು ಇನ್ನೊಬ್ಬಳಿಲ್ಲ. ಪೇಟೆಯ ಸೀರೆ ಅಂಗಡಿಯವನು ಒಮ್ಮೆ ಅವಳಿಗೆ ಶರಬತ್ತು ತರಿಸಿಕೊಟ್ಟ. ಪಾಪ! ಅತ್ತೆ ಪಕ್ಕದ ಗಿರಾಕಿಗಳತ್ತ ತಿರುಗಿ, “ಸೀರಿ ಬಣ್ಣ ಬಿಡೂದಿಲ್ಲಂತ. ಶರಬತ್ತ ಕುಡದ ಹೇಳಾಕತ್ತೇನಿ, ಅರ್ಧಾ ನಂಬ್ರಿ” ಎಂದಳು. ಈಗ ಆತ ಅವಳನ್ನು ಕಂಡೊಡನೆ ಕೈಮುಗಿಯುತ್ತಾನೆ: “ಅಕ್ಕಾರ, ನಿಮಗ ನೀರೂ ಕೊಡೂದಿಲ್ರಿ!”

ಇಂಥವಳ ಮುಂದೆ ನಾನು ನನ್ನ ಭಾಷಣದ ತಾಲೀಮು ಮಾಡಿದೆ. ನನ್ನದು ಅಲರ್ಜಿ ಸಂಶೋಧನೆ: ಪಾರ್ಥೇನಿಯಂ ಕಳೆಯ ಪರಾಗದಿಂದ ಬರುವ ಸೀನಿಗೆ ಒಂದು ಹೊಸ ಗುಳಿಗೆ ಎಷ್ಟು ಉಪಯೋಗ ಎಂಬುದು. ಮರುದಿನ ಊರ ಕಾಲೇಜಿನಲ್ಲಿ ಅದನ್ನು ಹೇಳುವವಳಿದ್ದೆ.

“ಗುಳಿಗಿ ಚಲೋ ಅಂತೀ. ಇದಕ್ಕೆಲ್ಲ ರೊಕ್ಕಾ ಯಾರ ಕೊಟ್ರು?”

“ಗುಳಿಗಿ ಮಾಡೋ ಕಂಪನಿಯವರು. ಕಡೀ ಸ್ಲೈಡಿನ್ಯಾಗ ಬರದೇನಿ, ಅತ್ತಿ.”

ಅತ್ತೆ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿಗೆ ಮೂಗು ತಾಗಿಸಿದಳು. “ಇದು ಅಕ್ಷರೇನ? ನಾ ಇರಿವಿ ಹೊಂಟಾವ ಅಂದ್ಕೊಂಡಿದ್ದೆ!”

“ಎಲ್ಲಾರೂ ಹಂಗ ಹಾಕ್ತಾರ. ನಿಯಮದ ಪ್ರಕಾರ ಅಷ್ಟ ಸಾಕು.”

“ಚಕ್ಕುಲಿ ತಿಂದದ್ದು ಮೊದಲ ಹೇಳಬೇಕವಾ, ಅಕ್ಕಿಕಾಳು ಬಿದ್ದು ಲಗ್ನ ಆದ ಮ್ಯಾಲಲ್ಲ.”

ನನಗೆ ಸಿಟ್ಟು ಬಂತು. ಇಷ್ಟು ವರ್ಷದ ದುಡಿಮೆ! “ಮೊದಲ ಹೇಳಿದ್ರ ಮಂದಿ ಅರ್ಧಾ ನಂಬ್ತಾರಷ್ಟ.”

“ನಂಬ್ಲಿ ಬಿಡು. ಆ ಅರ್ಧಾ ಗಟ್ಟಿ ಇರತೈತಿ.”

ನಾನು ಮುಖ ಊದಿಸಿಕೊಂಡು ಅಡುಗೆಮನೆಗೆ ಹೋದೆ. ಅಷ್ಟರಲ್ಲಿ ನೆರೆಮನೆಯಾಕೆ ಬಂದು ಪಡಸಾಲೆಯಲ್ಲಿ ಕುಳಿತಳು.

“ನಾಳೆ ನಿಮ್ಮ ಹುಡುಗಿ ಭಾಷಣ ಐತಂತಲ್ರಿ? ಭಾಳ ಶ್ಯಾಣ್ಯಾಕಿ ಅಂತ?”

“ಹೂಂನ್ರಿ, ಅಂಥಾಕಿ ಈ ತಾಲೂಕಿನ್ಯಾಗ ಇನ್ನೊಬ್ಬಾಕಿ ಇಲ್ಲ,” ಎಂದಳು ಅತ್ತೆ.

ಇನ್ನು ಬರುತ್ತದೆ ‘ಅರ್ಧಾ ನಂಬ್ರಿ’ ಎಂದು ಒಲೆಯ ಮುಂದೆ ನಿಂತು ಕಾದೆ.

“ನಾನ ಎತ್ತಿ ಬೆಳಸಿದ ಕೂಸ್ರಿ ಅದು. ಅಕಿ ವಿಷಯದಾಗ ನನ್ನ ಮಾತು ಅರ್ಧಾನೂ ನಂಬಬ್ಯಾಡ್ರಿ.”

ಮರುದಿನ ಬೆಳಿಗ್ಗೆ ಕೊನೆಯ ಸ್ಲೈಡನ್ನು ಮೊದಲಿಗೆ ತಂದೆ. ಅಕ್ಷರಗಳನ್ನು ಕಟ್ಟಕಡೆಯ ಸಾಲಿಗೂ ಕಾಣುವಷ್ಟು ದೊಡ್ಡದು ಮಾಡಿದೆ. ಅತ್ತೆ ಎಲ್ಲಿ ಹೋದರೂ ಆ ಸಾಲಿನಲ್ಲಿಯೇ ಕೂರುವುದು.