ಎಣಿಸಲೊಲ್ಲದ ಅತ್ತೆಯ ಹಕ್ಕಿ ಲೆಕ್ಕ

ಹಕ್ಕಿ ಎಣಿಸುವ ಕೆಲಸಕ್ಕೆ ಸೇರಿ, ಮೂರು ವರ್ಷದಲ್ಲಿ ಒಂದು ಹಕ್ಕಿಯನ್ನೂ ಎಣಿಸದವರನ್ನು ನೀವು ನೋಡಿದ್ದೀರಾ? ನೋಡಬೇಕಿದ್ದರೆ ದಾಂಡೇಲಿಗೆ ಬನ್ನಿ, ನನ್ನ ಸೋದರತ್ತೆಯನ್ನು ತೋರಿಸುತ್ತೇನೆ!

ದೊಡ್ಡ ಕೊಕ್ಕಿನ ಕಾಡುಹಕ್ಕಿ ಮಂಗಟ್ಟೆಯನ್ನು ಅಧ್ಯಯನ ಮಾಡುವ ತಂಡವೊಂದರಲ್ಲಿ ನಾನು ಫಾರಂ ತುಂಬುವವಳು. ಕಾಡು ಬಲ್ಲ ಊರಿನವರು ಬೇಕೆಂದಾಗ ಅತ್ತೆಯನ್ನು ಸೇರಿಸಿದ್ದೂ ನಾನೇ. ಮೊದಲ ದಿನ ಆಲದ ಮರದ ತುಂಬ ಮಂಗಟ್ಟೆಗಳು ಹಣ್ಣು ತಿನ್ನುತ್ತ ಕೂತಿದ್ದವು. ತಂಡದ ಮೇಡಂ, "ಎಷ್ಟಿವೆ, ಎಣಿಸಿ ಹೇಳಿ" ಎಂದರು. ಅತ್ತೆ ಗಲ್ಲ ಗಲ್ಲ ಬಡಿದುಕೊಂಡಳು.

"ಅಯ್ಯ ಅಕ್ಕಾರ! ಉಣ್ಣಾಕ ಕುಂತ ಮಕ್ಕಳನ್ನ ಯಾರರ ಎಣಸ್ತಾರೇನ್ರಿ? ದೃಷ್ಟಿ ಆಗ್ತೈತಿ!"

ಆದರೆ ಅತ್ತೆ ಉಪಾಯಗಾತಿ. ಹಕ್ಕಿಗೊಂದರಂತೆ ಅಡಿಕೆ ಹೋಳು ಎಲೆಸಂಚಿಗೆ ಹಾಕಿಕೊಂಡಳು. ಸಂಜೆ ನಾನು ಸುರುವಿ ಎಣಿಸಿದರೆ ಮೇಡಂ ಲೆಕ್ಕಕ್ಕಿಂತ ಎರಡು ಕಡಿಮೆ! ಊಟವಾದ ಮೇಲೆ ಎಲೆಯ ಜೊತೆ ಎರಡು ಮಂಗಟ್ಟೆಗಳನ್ನು ಅಗಿದು ಮುಗಿಸಿದ್ದಳು. ಮರುದಿನದಿಂದ ಹುಣಸೆ ಬೀಜ ಬಂತು.

ನಿಯಮದ ಪ್ರಕಾರ ಹಕ್ಕಿಗಳನ್ನು ನೇರ ಗೆರೆಯಲ್ಲಿ ನಡೆಯುತ್ತಲೇ ನೋಡಬೇಕು. ಈ ವರ್ಷ ಅತ್ತೆಯ ಮೊಣಕಾಲುಗಳು ಮುಷ್ಕರ ಹೂಡಿದವು. ನಡೆಯಲಾಗದವರು, ಓದುಬರಹ ಬಾರದವರು ಮುಂದಿನ ತಿಂಗಳಿಂದ ಬೇಡವೆಂದು ಮೇಲಿನವರ ಪತ್ರವೂ ಬಂತು. ಓದಿ ಹೇಳುವಾಗ ಮೇಡಂ ತಲೆ ಎತ್ತಲಿಲ್ಲ. ಅತ್ತೆ ನಕ್ಕಳು: "ಹಕ್ಕಿ ಕುಂತ ತಿಂತಾವ, ನಾ ಕುಂತ ನೋಡ್ತೇನಿ. ಇದರಾಗ ತಪ್ಪೇನೈತ್ರಿ?"

ನಕ್ಕಳು ನಿಜ. ಮನೆಗೆ ಬಂದು ಊಟ ಮಾತ್ರ ಮುಟ್ಟಲಿಲ್ಲ. ಈ ಕೆಲಸ ಅವಳಿಗೆ ಎಷ್ಟು ಬೇಕಾಗಿತ್ತೆಂದು ನನಗೆ ಅಂದೇ ತಿಳಿದದ್ದು.

ಉಳಿದ ದಿನಗಳಿಗಾದರೂ ಇರಲೆಂದು ಮೇಡಂ ಅವಳನ್ನು ಗೂಡಿನ ಮರವೊಂದರ ಎದುರು ಗೋಣಿಚೀಲ ಹಾಸಿ ಕೂರಿಸಿದರು. ಸಂಜೆ ಸಂಚಿಯಲ್ಲಿ ಎರಡು ಬೀಜ!

"ಬಂದುಹೋಗಿದ್ದು ಒಂದೇ ಗಂಡು ಹಕ್ಕಿ. ಬೀಜ ಎರಡು ಯಾಕಮ್ಮ?" ಎಂದರು ಮೇಡಂ.

"ಪೊಟರಿಯೊಳಗ ಮಣ್ಣಿಲೆ ಬಾಗಲಾ ಮೆತ್ತಿಕೊಂಡು ಹೆಂಡತಿ ಮೊಟ್ಟಿ ಕಾಯಾಕ ಹತ್ತ್ಯಾಳಲ್ರಿ! ಸಂದಿಯಿಂದ ಚುಂಚು ಚಾಚಿ ಹಣ್ಣು ತಗೊಂಡ್ಲು, ನಾ ನೋಡೇನಿ. ಹೊರಗ ಬರಂಗಿಲ್ಲಂದ್ರ ಆಕಿ ಇಲ್ಲಂತ ಬರಿಯೂದೇನು?"

ಮೇಡಂ ಎರಡು ಎಂದೇ ಬರೆಸಿದರು. ಆಮೇಲೆ ಮೇಲಿನವರಿಗೆ ಉದ್ದನೆಯ ಪತ್ರ ಬರೆದರು. ಗೂಡು ಕಾಯಲು ದಿನವಿಡೀ ಕೂರಬಲ್ಲವರೇ ಬೇಕು, ಬೀಜವನ್ನೂ ಲೆಕ್ಕವೆಂದು ಒಪ್ಪಬೇಕು ಎಂದು. ಒಪ್ಪಿಗೆ ಬಂತು! ಸುದ್ದಿ ಹಬ್ಬಿದ್ದೇ ತಡ, ಊರಿನ ಇಬ್ಬರು ಮುದುಕಿಯರು ಬಾಗಿಲಿಗೆ ಬಂದು, "ನಮ್ಮ ಮೊಣಕಾಲೂ ಹೋಗ್ಯಾವ್ರಿ, ನಮ್ಮನ್ನೂ ತಗೊಳ್ರಿ" ಎಂದರು.

ಹೊಸ ಕೆಲಸದ ಮೊದಲ ದಿನ ಫಾರಂ ತುಂಬುತ್ತಿದ್ದೆ. 'ನೋಡಿದವರು' ಎಂಬಲ್ಲಿ ಕೈ ತಾನಾಗಿ ನನ್ನ ಹೆಸರು ಬರೆಯಿತು. ಮೂರು ವರ್ಷ ಹಾಗೇ ಬರೆದಿದ್ದೆ. ನಾಚಿಕೆಯಾಯಿತು. ಅದನ್ನು ಹೊಡೆದುಹಾಕಿ ಅತ್ತೆಯ ಹೆಸರು ಬರೆದು ತೋರಿಸಿದೆ.

ಅಕ್ಷರಗಳ ಮೇಲೆ ಬೆರಳಾಡಿಸಿ ಹಿಗ್ಗಿದಳು. "ಹಿಂದಿನ ಕಾಗದದಾಗೂ ಹಿಂಗ ಚಂದಾಗಿ ಬರದೀಯಲ್ಲ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಅತ್ತಿ" ಎಂದೆ.

ಅತ್ತೆ ನನ್ನನ್ನೇ ನೋಡಿದಳು. "ಇರ್ಲಿ ಬಿಡವಾ. ಹಕ್ಕಿ ಇದ್ದೂ ಅಂತಾದ್ರೂ ಬರದೀಯಲ್ಲ" ಎಂದು ನನ್ನ ಬೆನ್ನು ಸವರಿದಳು. ನನಗೆ ಅಳು ತಡೆಯಲಾಗಲಿಲ್ಲ.

ಮೇಡಂರನ್ನು ಕೇಳಿ ಹಳೆಯ ಫಾರಂಗಳನ್ನೆಲ್ಲ ಹೊರತೆಗೆದೆ. ಒಂದೊಂದರಲ್ಲೂ ಅವಳ ಹೆಸರು ಬರೆಯುತ್ತ ಕೂತೆ. ಅತ್ತೆ ಪಕ್ಕದಲ್ಲೇ ಕೂತು, ಪ್ರತಿ ಹಾಳೆಗೂ ಹೇಳುತ್ತಿದ್ದಳು: "ದುಂಡಗ ಬರಿ. ಅವಸರ ಮಾಡಬ್ಯಾಡ."